ಕಾಯಬಲ್ಲವರ ಬಲ

ಮಾಘ ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ವಿಜಯಪುರ ಜಿಲ್ಲೆಯ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ತೋಟಗಳಲ್ಲಿ ದ್ರಾಕ್ಷಿ ಕಟಾವಿಗೆ ಬರುತ್ತದೆ, ಮತ್ತು ಆ ದಿನಗಳಲ್ಲಿ ಬೆಳೆಗಾರನ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಹಣ್ಣನ್ನು ಹಸಿಯಾಗಿಯೇ ತೋಟಕ್ಕೆ ಬಂದ ವ್ಯಾಪಾರಿಗೆ ಕೊಡಬಹುದು. ಶೆಡ್ಡಿನಲ್ಲಿ ಒಣಗಿಸಿ ಒಣದ್ರಾಕ್ಷಿಯನ್ನು ಕೂಡಲೇ ಮಾರಬಹುದು. ಇಲ್ಲವೇ ಒಣಗಿದ ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಏರುವವರೆಗೆ ಕಾಯಬಹುದು. ಇವುಗಳಲ್ಲಿ ಯಾವುದು ಸರಿ ಎಂಬುದನ್ನು ಅವನು ತನ್ನ ತೋಟವನ್ನಷ್ಟೇ ನೋಡಿ ನಿರ್ಧರಿಸಲಾರ. ಬಾಬಾನಗರ, ಬಿಜ್ಜರಗಿ, ಕನಮಡಿ, ಹೊನವಾಡದ ಬೆಳೆಗಾರರೆಲ್ಲ ಏನು ಮಾಡುತ್ತಾರೆ, ಗಡಿಯಾಚೆಯ ಸಾಂಗ್ಲಿ ಮತ್ತು ತಾಸಗಾಂವದ ಪೇಟೆಗೆ ಎಷ್ಟು ಮಾಲು ಬರುತ್ತದೆ, ಖರೀದಿದಾರರು ಯಾವ ಲೆಕ್ಕಾಚಾರದಲ್ಲಿದ್ದಾರೆ ಎಂಬುದರ ಮೇಲೆ ಅವನ ನಿರ್ಧಾರದ ಫಲ ನಿಂತಿರುತ್ತದೆ, ಮತ್ತು ಅವರೆಲ್ಲರ ನಿರ್ಧಾರಗಳೂ ಇವನಂಥವರು ಏನು ಮಾಡಬಹುದು ಎಂಬ ಊಹೆಯ ಮೇಲೆಯೇ ನಿಂತಿರುತ್ತವೆ.

ಒಬ್ಬನ ಫಲ ಹೀಗೆ ಮತ್ತೊಬ್ಬನ ಆಯ್ಕೆಯನ್ನು ಅವಲಂಬಿಸಿರುವ ಸನ್ನಿವೇಶಗಳನ್ನು ಗಣಿತದ ಶಿಸ್ತಿನಿಂದ ಅಧ್ಯಯನ ಮಾಡುವ ಶಾಸ್ತ್ರಕ್ಕೆ ಆಟದ ಸಿದ್ಧಾಂತ ಎಂದು ಹೆಸರು. ಹಂಗೇರಿ ಮೂಲದ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಮತ್ತು ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ 1944ರಲ್ಲಿ ಒಟ್ಟಾಗಿ ಪ್ರಕಟಿಸಿದ ಗ್ರಂಥದಿಂದ ಅದು ಒಂದು ಸ್ವತಂತ್ರ ಶಾಖೆಯಾಗಿ ನೆಲೆಗೊಂಡಿತು. ನಿರ್ಧಾರ ತೆಗೆದುಕೊಳ್ಳುವವರನ್ನು ಅದು ಆಟಗಾರರೆಂದೂ, ಅವರ ಮುಂದಿರುವ ದಾರಿಗಳನ್ನು ತಂತ್ರಗಳೆಂದೂ, ಎಲ್ಲರ ಆಯ್ಕೆಗಳೂ ಕೂಡಿದಾಗ ಒಬ್ಬೊಬ್ಬರಿಗೂ ದಕ್ಕುವುದನ್ನು ಪ್ರತಿಫಲವೆಂದೂ ಕರೆಯುತ್ತದೆ. ಒಬ್ಬನಿಗೆ ಬಂದಷ್ಟೂ ಇನ್ನೊಬ್ಬನಿಗೆ ಹೋಗುವಂಥ ಆಟಗಳು ಶೂನ್ಯಮೊತ್ತದ ಆಟಗಳು. ಇಸ್ಪೀಟಿನಲ್ಲಿ ಹಣ ಕಟ್ಟಿ ಆಡುವುದು ಈ ಬಗೆಯದು. ವ್ಯಾಪಾರ, ನೀರು, ಗಡಿ, ಮದುವೆಯ ಮಾತುಕತೆ ಮುಂತಾದವು ಬಹುಮಟ್ಟಿಗೆ ಹಾಗಲ್ಲ. ಇಲ್ಲಿ ಒಪ್ಪಂದವಾದರೆ ಇಬ್ಬರಿಗೂ ಲಾಭವಿರುತ್ತದೆ, ಮುರಿದುಬಿದ್ದರೆ ಇಬ್ಬರಿಗೂ ನಷ್ಟವಾಗುತ್ತದೆ, ಆ ಲಾಭದಲ್ಲಿ ಯಾರ ಪಾಲೆಷ್ಟು ಎಂಬುದೇ ಜಗ್ಗಾಟದ ವಿಷಯವಾಗಿರುತ್ತದೆ.

ಪಾಲು ನಿಗದಿಯಾಗುವುದು ಮಾತಿನ ಚಾತುರ್ಯದಿಂದ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ 1950ರಲ್ಲಿ ಚೌಕಾಶಿಯನ್ನು ಕುರಿತು ಬರೆದ ಲೇಖನ ಈ ನಂಬಿಕೆಯನ್ನು ಬದಿಗಿಟ್ಟು ಬೇರೊಂದು ಪ್ರಶ್ನೆಯನ್ನು ಮುಂದಿಟ್ಟಿತು: ಮಾತು ಮುರಿದರೆ ಪ್ರತಿಯೊಬ್ಬರ ಕೈಯಲ್ಲಿ ಉಳಿಯುವುದೇನು? ಒಂದು ಕಾಲ್ಪನಿಕ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಒಂದು ಕಿಲೋ ಒಣದ್ರಾಕ್ಷಿಯನ್ನು ಮುಂದೆ ಸಾಗಿಸಿ ಮಾರುವ ವ್ಯಾಪಾರಿಗೆ ಅದರಿಂದ ಖರ್ಚು ಕಳೆದು 200 ರೂಪಾಯಿ ಸಿಗುತ್ತದೆ ಎಂದೂ, ಈ ವ್ಯಾಪಾರಿ ಕೊಳ್ಳದಿದ್ದರೆ ರೈತನಿಗೆ ಬೇರೆಡೆ 140 ರೂಪಾಯಿ ಮಾತ್ರ ಸಿಗುತ್ತದೆ ಎಂದೂ ಇಟ್ಟುಕೊಂಡರೆ, ಇಬ್ಬರ ನಡುವೆ ಹಂಚಿಕೆಗೆ ಇರುವುದು 60 ರೂಪಾಯಿ, ಮತ್ತು ಅದನ್ನು ಸಮನಾಗಿ ಹಂಚಿದರೆ ದರ 170ಕ್ಕೆ ನಿಲ್ಲುತ್ತದೆ. ಅದೇ ರೈತನಿಗೆ ಮಾಲನ್ನು ಇಟ್ಟುಕೊಂಡು ಬೇರೊಂದು ಪೇಟೆಯಲ್ಲಿ 170ಕ್ಕೆ ಮಾರುವ ದಾರಿ ತೆರೆದರೆ ಹಂಚಿಕೆಯ ಮೊತ್ತ 30ಕ್ಕೆ ಇಳಿದು ದರ 185ಕ್ಕೆ ಏರುತ್ತದೆ. ಎರಡನೆಯ ಸಂದರ್ಭದಲ್ಲಿ ರೈತ ಮೊದಲಿಗಿಂತ ಒಂದು ಮಾತೂ ಹೆಚ್ಚು ಆಡಿಲ್ಲ, ಬೇರೆ ಪೇಟೆಗೆ ಹೋಗಿಯೂ ಇಲ್ಲ. ಹೋಗಬಲ್ಲ ಎಂಬುದು ವ್ಯಾಪಾರಿಗೆ ತಿಳಿದಿರುವುದೇ ಸಾಕಾಗಿದೆ.

ಇದಕ್ಕೆ ಕಾಲದ ಆಯಾಮವನ್ನು ಜೋಡಿಸಿದವರು ಇಸ್ರೇಲಿನ ಅರ್ಥಶಾಸ್ತ್ರಜ್ಞ ಏರಿಯಲ್ ರೂಬಿನ್‌ಸ್ಟೈನ್. ಇಬ್ಬರು ಒಬ್ಬರಾದ ಮೇಲೊಬ್ಬರು ದರ ಹೇಳುತ್ತ ಹೋಗುವ, ಪ್ರತಿ ಸುತ್ತು ತಡವಾದಂತೆಲ್ಲ ಇಬ್ಬರಿಗೂ ಒಂದಿಷ್ಟು ಹಾನಿಯಾಗುವ ಚೌಕಾಶಿಯನ್ನು ಅವರು 1982ರಲ್ಲಿ ವಿಶ್ಲೇಷಿಸಿ, ತಡವಾಗುವುದರಿಂದ ಯಾರಿಗೆ ಕಡಿಮೆ ಹಾನಿಯೋ ಅವರ ಪಾಲು ದೊಡ್ಡದಾಗುತ್ತದೆ ಎಂದು ತೋರಿಸಿಕೊಟ್ಟರು. ಅವರ ಫಲಿತಾಂಶದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎದುರಾಳಿ ಎಷ್ಟು ತಾಳಬಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದರೆ ಒಪ್ಪಂದ ಮೊದಲ ಸುತ್ತಿನಲ್ಲಿಯೇ ಆಗಿಬಿಡುತ್ತದೆ. ಕಾಯುವ ಶಕ್ತಿಯುಳ್ಳವನು ನಿಜವಾಗಿ ಕಾಯಬೇಕಾಗಿಯೇ ಬರುವುದಿಲ್ಲ.

ವಿಜಯಪುರದ ದ್ರಾಕ್ಷಿ ಈ ಸೂತ್ರವನ್ನು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಬಳ್ಳಿಯಲ್ಲಿ ಪೂರ್ತಿ ಮಾಗಿದ ಹಸಿದ್ರಾಕ್ಷಿಗೆ ತಡವೆಂಬುದು ಬಲು ದುಬಾರಿ: ಒಂದು ಅಕಾಲಿಕ ಮಳೆ ಬಿದ್ದರೆ ಕಾಯಿ ಸೀಳಿ ಕೊಳೆಯುತ್ತದೆ, ಕೊಯ್ದ ಮೇಲಂತೂ ದಿನಗಳ ಲೆಕ್ಕ. ತೋಟಕ್ಕೆ ಬಂದ ವ್ಯಾಪಾರಿಗೆ ಈ ತೋಟವಲ್ಲದಿದ್ದರೆ ಪಕ್ಕದ್ದಿರುತ್ತದೆ, ರೈತನಿಗೆ ಈ ವಾರ ತಪ್ಪಿದರೆ ಮುಂದಿನ ವಾರವಿರುವುದಿಲ್ಲ. ಅದೇ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿದರೆ ಸುಮಾರು ಎರಡು ವಾರಗಳಲ್ಲಿ ಅದು ಒಣದ್ರಾಕ್ಷಿಯಾಗುತ್ತದೆ. ಸರಿಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋಗೆ ಇಳಿಯುತ್ತದೆ, ಆದರೆ ಆ ಒಂದು ಕಿಲೋ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಕೃಷಿ ಸಾಹಿತ್ಯ ಇದನ್ನು ಮೌಲ್ಯವರ್ಧನೆ ಎಂದು ವಿವರಿಸುತ್ತದೆ. ಆಟದ ಸಿದ್ಧಾಂತದ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ಆ ಎರಡು ವಾರಗಳ ಬಿಸಿಲು ಮತ್ತು ಗಾಳಿ ಅವಸರದ ಆಟಗಾರನೊಬ್ಬನನ್ನು ಕಾಯಬಲ್ಲ ಆಟಗಾರನನ್ನಾಗಿ ಬದಲಿಸುತ್ತವೆ ಎಂಬುದು.

ಆದರೆ ಮಾಲು ಕಾಯಬಲ್ಲದಾದರೂ ಮನೆ ಕಾಯಲಾರದೆ ಹೋಗಬಹುದು. ಔಷಧ, ಗೊಬ್ಬರ, ಏಪ್ರಿಲ್ ಮತ್ತು ಅಕ್ಟೋಬರಿನ ಎರಡು ಚಾಟ್ನಿಗಳ, ಅಂದರೆ ಬಳ್ಳಿ ಸವರುವಿಕೆಯ, ಕೂಲಿ, ಬರದ ವರ್ಷ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ತರಿಸಿದ ನೀರು ಇವೆಲ್ಲಕ್ಕೂ ಮಾಡಿದ ಸಾಲದ ಬಡ್ಡಿ ತಿಂಗಳಿಗೊಮ್ಮೆ ಬೆಳೆಯುತ್ತದೆ, ಮತ್ತು ಆ ಬಡ್ಡಿಯೇ ರೈತನ ಪಾಲಿಗೆ ತಡದ ಬೆಲೆಯಾಗುತ್ತದೆ. ಮುಂಗಡ ಪಡೆದ ದಲಾಲಿ ಅಂಗಡಿಗೇ ಮಾಲು ಹಾಕಬೇಕೆಂಬ ಕರಾರಿದ್ದರೆ ಪರಿಸ್ಥಿತಿ ಇನ್ನೂ ಬಿಗಿಯಾಗುತ್ತದೆ. ಅಲ್ಲಿ ರೈತ ಬಡ್ಡಿಯನ್ನಷ್ಟೇ ತೆರುತ್ತಿಲ್ಲ, ಬೇರೆಡೆಗೆ ಹೋಗುವ ಹಕ್ಕನ್ನೂ ಒತ್ತೆಯಿಟ್ಟಿರುತ್ತಾನೆ, ಮತ್ತು ನ್ಯಾಶರ ಲೆಕ್ಕದ ಪ್ರಕಾರ ಆ ಹಕ್ಕಿನ ಬೆಲೆ ಹಲವು ಸಲ ಬಡ್ಡಿಗಿಂತ ದೊಡ್ಡದು. ಆದ್ದರಿಂದ ಸಂಗ್ರಹಿಸಿಟ್ಟ ಮಾಲಿನ ಮೇಲೆ ಕಡಿಮೆ ಬಡ್ಡಿಯ ಸಾಲ ಸಿಗುವಂತೆ ಮಾಡುವ ಅಡಮಾನ ಸಾಲದ ಏರ್ಪಾಡು, ಮತ್ತು ಗೋದಾಮಿನ ರಸೀದಿಗೆ ವರ್ಗಾಯಿಸಬಹುದಾದ ಪತ್ರದ ಕಾನೂನುಬದ್ಧ ಸ್ಥಾನ ಕೊಟ್ಟ 2007ರ ಗೋದಾಮು ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ, ಹೊರನೋಟಕ್ಕೆ ಬ್ಯಾಂಕಿನ ವಿಷಯದಂತೆ ಕಂಡರೂ ಚೌಕಾಶಿಯಲ್ಲಿ ರೈತನ ಬಲವನ್ನು ನೇರವಾಗಿ ತಟ್ಟುವ ಕ್ರಮಗಳಾಗಿವೆ. ಬೆಂಬಲ ಬೆಲೆಯ ಕೂಗಿನ ನಡುವೆ ಇವುಗಳಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಎಲ್ಲರೂ ಕಾಯಬಲ್ಲವರಾದರೆ ಏನಾಗುತ್ತದೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ದಸರೆ–ದೀಪಾವಳಿಯ ಬೇಡಿಕೆಯನ್ನು ನಂಬಿ ಇಡೀ ಸೀಮೆ ಮಾಲನ್ನು ತಡೆದಿಟ್ಟರೆ, ಆ ತಿಂಗಳುಗಳಲ್ಲಿ ಆವಕ ಉಕ್ಕಿ ದರ ಕುಸಿಯುತ್ತದೆ ಮತ್ತು ಬೇಸಿಗೆಯಲ್ಲಿಯೇ ಮಾರಿದ ಕೆಲವರು ಲಾಭ ಮಾಡಿಕೊಳ್ಳುತ್ತಾರೆ. ಅದನ್ನು ಕಂಡು ಮುಂದಿನ ವರ್ಷ ಎಲ್ಲರೂ ಬೇಸಿಗೆಯಲ್ಲೇ ಮಾರಿದರೆ ಫಲ ತಿರುಗಾಮುರುಗಾ ಆಗುತ್ತದೆ. ಕೆಲವರು ಈಗ, ಕೆಲವರು ಆಮೇಲೆ, ಬಾಡಿಗೆ ಮತ್ತು ಬಡ್ಡಿ ಕಳೆದ ಮೇಲೆ ಎರಡೂ ಕಡೆ ಸಿಗುವುದು ಸಮವಾಗುವ ಹಾಗೆ ಮಾರಾಟ ಹಂಚಿಹೋದಾಗ ಮಾತ್ರ ಯಾರಿಗೂ ತಮ್ಮ ದಾರಿ ಬದಲಿಸುವ ಕಾರಣವಿರುವುದಿಲ್ಲ. ಉಳಿದವರು ತಮ್ಮ ನಿರ್ಧಾರದಲ್ಲಿ ನಿಂತಿರುವಾಗ ಒಬ್ಬನೇ ತನ್ನದನ್ನು ಬದಲಿಸಿ ಹೆಚ್ಚು ಪಡೆಯಲಾಗದ ಇಂಥ ಸ್ಥಿತಿಯನ್ನು ನ್ಯಾಶ್ ಸಮತೋಲ ಎನ್ನುತ್ತಾರೆ. ಇದನ್ನು ಮಂಡಿಸಿದ ನ್ಯಾಶ್, ಅದನ್ನು ಬೆಳೆಸಿದ ಜಾನ್ ಹರ್ಸಾನಿ ಮತ್ತು ರೈನ್‌ಹಾರ್ಡ್ ಝೆಲ್ಟನ್ ಅವರೊಂದಿಗೆ 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಇಡೀ ಮಾಲನ್ನು ಒಂದೇ ಸಲಕ್ಕೆ ಮಾರದೆ ಕಂತುಕಂತಾಗಿ ಮಾರುವ ಬೆಳೆಗಾರರು ಈ ಹೆಸರನ್ನು ಕೇಳದೆಯೂ ಇದೇ ತರ್ಕದಂತೆ ನಡೆದುಕೊಳ್ಳುತ್ತಿರುತ್ತಾರೆ.

ಪೇಟೆಯ ಸವಾಲಿನ ಕಟ್ಟೆಯಲ್ಲಿ ನಿಯಮಗಳು ಆಟವನ್ನು ಹೇಗೆ ತಿರುಗಿಸುತ್ತವೆ ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಎಲ್ಲರೆದುರು ಕೂಗಿ ದರ ಏರಿಸುವ ಬಹಿರಂಗ ಸವಾಲಿನಲ್ಲಿ ಖರೀದಿದಾರರಿಗೆ ಪರಸ್ಪರರ ಬೆಲೆ ತಿಳಿಯುತ್ತದೆ. ಅವರು ಮೊದಲೇ ಒಳಗೊಳಗೆ ಮಾತಾಡಿಕೊಂಡಿದ್ದರೆ, ಮಾತು ತಪ್ಪಿ ಹೆಚ್ಚು ಕೂಗಿದವನು ಯಾರೆಂದು ಆ ಕ್ಷಣವೇ ಗೊತ್ತಾಗಿ ಉಳಿದವರು ಅವನ ಮೇಲೆ ಏರಿಸಿ ಸೇಡು ತೀರಿಸಿಕೊಳ್ಳಬಹುದು. ಚೀಟಿಯಲ್ಲಿ ಅಥವಾ ಕಂಪ್ಯೂಟರಿನಲ್ಲಿ ಗುಟ್ಟಾಗಿ ದರ ಬರೆಯುವ ಟೆಂಡರಿನಲ್ಲಿ ಮಾತು ತಪ್ಪಿದವನು ಮಾಲನ್ನು ಗೆದ್ದ ಮೇಲಷ್ಟೇ ಬಯಲಾಗುವುದರಿಂದ ಒಳಒಪ್ಪಂದ ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ. ಕರ್ನಾಟಕ ಸರ್ಕಾರ 2014ರಲ್ಲಿ ಎಪಿಎಂಸಿಗಳನ್ನು ಏಕೀಕೃತ ಆನ್‌ಲೈನ್ ಮಾರುಕಟ್ಟೆಗೆ ಸೇರಿಸಲು ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯನ್ನು ಹುಟ್ಟುಹಾಕಿದ್ದರ ಹಿಂದಿನ ತರ್ಕ ಬಹುಮಟ್ಟಿಗೆ ಇದೇ. ಆದರೂ ಟೆಂಡರಿನ ಗುಟ್ಟಿಗಿಂತ ಕೊಳ್ಳುವವರ ಸಂಖ್ಯೆ ದೊಡ್ಡದು. ಮೂವರೇ ಕೊಳ್ಳುವವರಿರುವ ಕಟ್ಟೆಯಲ್ಲಿ ಯಾವ ಯಂತ್ರವೂ ಸ್ಪರ್ಧೆಯನ್ನು ಸೃಷ್ಟಿಸಲಾರದು, ಮತ್ತು ವಿಜಯಪುರದ ಬೆಳೆಗಾರನಿಗೆ ತಾಸಗಾಂವ–ಸಾಂಗ್ಲಿಯ ಪೇಟೆ ಇರುವುದು ಅವನು ಅಲ್ಲಿಗೆ ಹೋಗದ ದಿನವೂ ಅವನಿಗೆ ನೆರವಾಗುತ್ತದೆ.

ಮಾಲಿನ ಗುಣದ ವಿಷಯದಲ್ಲಿ ಮಾರುವವನಿಗೆ ಗೊತ್ತಿರುವಷ್ಟು ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಇಂಥಲ್ಲಿ ಕೊಳ್ಳುವವನು ಎಲ್ಲ ಮಾಲನ್ನೂ ಸರಾಸರಿಯೆಂದು ಭಾವಿಸಿ ಸರಾಸರಿ ಬೆಲೆ ಕೊಡುತ್ತಾನೆ, ಆಗ ಉತ್ತಮ ಮಾಲಿನವನು ಪೇಟೆಯಿಂದ ಹಿಂದೆ ಸರಿಯುತ್ತಾನೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿದರು. ಬಣ್ಣ, ಗಾತ್ರ, ತೇವಾಂಶಗಳ ಮೇಲೆ ವರ್ಗ ಮಾಡಿ ಮಾರುವ ಶ್ರಮಕ್ಕೆ ಅರ್ಥ ಬರುವುದು ಇದರಿಂದ.

ಪೇಟೆಯ ಆಟದಲ್ಲಿ ಬುದ್ಧಿವಂತಿಕೆ ಫಲ ಕೊಡುತ್ತದೆ. ಕೊಳವೆಬಾವಿಯ ಆಟದಲ್ಲಿ ಒಬ್ಬೊಬ್ಬರೂ ಬುದ್ಧಿವಂತರಾಗಿ ನಡೆದರೂ ಎಲ್ಲರೂ ಸೋಲುತ್ತಾರೆ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ 1950ರಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಶರ್ ರೂಪಿಸಿದ, ಆಲ್ಬರ್ಟ್ ಟಕರ್ ಎಂಬ ಗಣಿತಜ್ಞ ಇಬ್ಬರು ಕೈದಿಗಳ ಕಥೆಯಾಗಿ ಹೇಳಿದ್ದರಿಂದ ಕೈದಿಗಳ ಸಂದಿಗ್ಧ ಎಂದು ಹೆಸರಾದ ಆಟದ ಸಾರ ಇಷ್ಟು: ಇನ್ನೊಬ್ಬ ಏನೇ ಮಾಡಲಿ, ನನಗೆ ಸಹಕರಿಸದಿರುವುದೇ ಲಾಭ ಎಂದು ಇಬ್ಬರಿಗೂ ತೋರುತ್ತದೆ, ಆದರೆ ಇಬ್ಬರೂ ಹಾಗೆ ನಡೆದಾಗ ಇಬ್ಬರೂ ಸಹಕರಿಸಿದ್ದರೆ ಸಿಗುತ್ತಿದ್ದುದಕ್ಕಿಂತ ಕಡಿಮೆ ಸಿಗುತ್ತದೆ. ತಿಕೋಟಾ ಸೀಮೆಯ ದ್ರಾಕ್ಷಿ ದಶಕಗಳ ಕಾಲ ಅಂತರ್ಜಲದ ಮೇಲೆ ಬೆಳೆದದ್ದು. ನೆರೆಯವನು ಇನ್ನೂರು ಅಡಿ ಆಳಕ್ಕೆ ಇಳಿಸಿದರೆ ಇವನ ಬಾವಿ ಬತ್ತುತ್ತದೆ, ಆದ್ದರಿಂದ ಇವನೂ ಇಳಿಸಬೇಕು. ನೆರೆಯವನು ಸುಮ್ಮನಿದ್ದರೆ ಇಳಿಸಿದವನಿಗೇ ನೀರು, ಆದ್ದರಿಂದ ಆಗಲೂ ಇಳಿಸಬೇಕು. ಹೀಗೆ ಎಲ್ಲರೂ ಖರ್ಚು ಮಾಡಿ ಎಲ್ಲರೂ ಮೊದಲಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ನೀರಿಗೆ ಬಂದು ನಿಲ್ಲುತ್ತಾರೆ. ಹನಿ ನೀರಾವರಿ ಎಕರೆಯೊಂದಕ್ಕೆ ಬೇಕಾದ ನೀರನ್ನು ಇಳಿಸುತ್ತದೆ, ಆದರೆ ಆಟದ ರಚನೆಯನ್ನು ಮುಟ್ಟುವುದಿಲ್ಲ; ಉಳಿದ ನೀರು ಇನ್ನೊಂದು ಎಕರೆಗೆ ಹರಿದರೆ ಅಂತರ್ಜಲಕ್ಕೆ ಉಳಿಯುವುದು ಏನೂ ಇಲ್ಲ.

ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಇಂಥ ಸಾಮೂಹಿಕ ಸಂಪನ್ಮೂಲಗಳಿಗೆ ವಿನಾಶವೇ ಗತಿ, ಸರ್ಕಾರದ ಹಿಡಿತ ಅಥವಾ ಖಾಸಗಿ ಒಡೆತನ ಎರಡೇ ಪರಿಹಾರ ಎಂಬಂತೆ ವಾದಿಸಿದರು. ಎಲಿನರ್ ಓಸ್ಟ್ರಂ ಜಗತ್ತಿನ ಹಲವೆಡೆಯ ಹುಲ್ಲುಗಾವಲು, ಕಾಡು, ಕಾಲುವೆಗಳನ್ನು ಅಧ್ಯಯನ ಮಾಡಿ 1990ರಲ್ಲಿ ಅದನ್ನು ಅಲ್ಲಗಳೆದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಬಳಸುವವರೇ ನಿಯಮ ಮಾಡಿಕೊಂಡು, ಯಾರು ಎಷ್ಟು ಬಳಸಿದರೆಂದು ತಾವೇ ನೋಡಿಕೊಂಡು, ತಪ್ಪಿದವರಿಗೆ ಮೊದಲು ಸಣ್ಣ, ಆಮೇಲೆ ದೊಡ್ಡ ದಂಡ ಹಾಕುವ ಕಡೆ ಸಂಪನ್ಮೂಲ ತಲೆಮಾರುಗಳ ಕಾಲ ಉಳಿದಿದೆ ಎಂಬುದು ಅವರ ಕಾಣ್ಕೆ. ರಾಬರ್ಟ್ ಆಕ್ಸೆಲ್‌ರಾಡ್ 1984ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಕಂಪ್ಯೂಟರ್ ಸ್ಪರ್ಧೆಗಳೂ ಇದಕ್ಕೆ ಪುಷ್ಟಿ ಕೊಡುತ್ತವೆ. ಅದೇ ಇಬ್ಬರು ಮತ್ತೆಮತ್ತೆ ಎದುರಾಗುವಾಗ, ಮೊದಲು ಸಹಕರಿಸಿ ಆಮೇಲೆ ಎದುರಾಳಿ ಹಿಂದಿನ ಸಲ ಮಾಡಿದ್ದನ್ನೇ ಮರಳಿಸುವ ಸರಳ ತಂತ್ರ, ಅನತೋಲ್ ರಾಪೊಪೋರ್ಟ್ ಕಳುಹಿಸಿದ್ದು, ಎಲ್ಲಕ್ಕಿಂತ ಹೆಚ್ಚು ಅಂಕ ಗಳಿಸಿತು. ಆದರೆ ಮರಳಿಸಬೇಕಾದರೆ ಎದುರಾಳಿ ಮಾಡಿದ್ದು ಕಾಣಬೇಕು. ಅಂತರ್ಜಲದ ತೊಡಕು ಇರುವುದೇ ಅಲ್ಲಿ: ಒಂದೇ ಊರಿನವರು, ಒಂದೇ ಜಾತ್ರೆಯಲ್ಲಿ ಸೇರುವವರು, ಬದುವಿನ ವಿಷಯದಲ್ಲಿ ಪರಸ್ಪರ ಕಣ್ಣಿಟ್ಟಿರುವವರು ನೆಲದಡಿಯಲ್ಲಿ ಯಾರು ಎಷ್ಟು ಎಳೆದರೆಂದು ಕಾಣಲಾರರು. 2011ರ ಕರ್ನಾಟಕ ಅಂತರ್ಜಲ ಕಾಯ್ದೆ ಪರವಾನಗಿಯ ದಾರಿ ಹಿಡಿದಿದೆ. ಬಾವಿಗಳ ನೀರಿನ ಮಟ್ಟವನ್ನು ಊರವರೇ ಅಳೆದು ಎಲ್ಲರಿಗೂ ಕಾಣುವ ಹಾಗೆ ಬರೆದಿಡುವ ಕೆಲಸವಿಲ್ಲದೆ ಪರವಾನಗಿ ಒಂದರಿಂದಲೇ ಆ ಕತ್ತಲೆ ನೀಗಲಾರದು.

ಕೃಷ್ಣೆಯ ನೀರು ಈ ಆಟವನ್ನು ಬದಲಿಸಿತು. ಆಲಮಟ್ಟಿಯ ಹಿನ್ನೀರನ್ನು ಎತ್ತುವ ಮುಳವಾಡ ಯೋಜನೆ, ಜಮಖಂಡಿ ತಾಲ್ಲೂಕಿನ ತುಬಚಿಯ ಬಳಿ ನದಿಯಿಂದ ನೀರೆತ್ತುವ ತುಬಚಿ–ಬಬಲೇಶ್ವರ ಯೋಜನೆ, ಕೆರೆ ತುಂಬಿಸುವ ಕಾಮಗಾರಿಗಳು ಬಂದ ಮೇಲೆ ಆದಿಲ್‌ಶಾಹಿ ಕಾಲದ ಮಮದಾಪುರದ ಕೆರೆಯಂಥ ಜಲಾಶಯಗಳಿಗೆ ಮತ್ತೆ ಜೀವ ಬಂದಿತು, ಸುತ್ತಲಿನ ಬಾವಿಗಳಿಗೆ ಒರತೆ ಮರಳಿತು. ಕೆರೆ ಮತ್ತು ಕಾಲುವೆಯ ನೀರು ಕಣ್ಣಿಗೆ ಕಾಣುವುದರಿಂದ ಅಲ್ಲಿ ಪಾಳಿ ಹಚ್ಚಿ ಹಂಚಿಕೊಳ್ಳುವುದು ಸಾಧ್ಯ. ಆದರೆ ಕಾಲುವೆಯ ಆಟ ಸರದಿಯದು, ಮೇಲಿನವನು ಮೊದಲು ಆಡುತ್ತಾನೆ, ಕೊನೆಯಂಚಿನವನಿಗೆ ಉಳಿದದ್ದೇ ಪಾಲು. ನೇಪಾಳದ ರೈತರೇ ಕಟ್ಟಿಕೊಂಡ ಕಾಲುವೆಗಳಲ್ಲಿ ಮೇಲಿನವರು ಕೆಳಗಿನವರಿಗೆ ನೀರು ಬಿಡುವುದನ್ನು ಓಸ್ಟ್ರಂ ಗಮನಿಸಿದ್ದರು. ಪ್ರತಿವರ್ಷ ಒಡ್ಡು ಕೊಚ್ಚಿಹೋಗುವ ಅಲ್ಲಿ ದುರಸ್ತಿಗೆ ಕೆಳಗಿನವರ ಕೈ ಬೇಕಾಗುತ್ತದೆ, ಆ ಅಗತ್ಯವೇ ಅವರ ಚೌಕಾಶಿಯ ಬಲ. ಕಾಂಕ್ರೀಟಿನ ಕಾಲುವೆ, ನೀರಾವರಿ ನಿಗಮದ ಪಂಪು, ಸರ್ಕಾರದ ವಿದ್ಯುತ್ ಇರುವೆಡೆ ಮೇಲಿನವನಿಗೆ ಕೆಳಗಿನವನ ಹಂಗಿಲ್ಲ. ನೀರು ಬಳಕೆದಾರರ ಸಹಕಾರ ಸಂಘಗಳು ಕಾಗದದ ಮೇಲೆ ಉಳಿದುಬಿಡುವುದಕ್ಕೆ ರೈತರ ಉದಾಸೀನವನ್ನು ದೂರುವವರು ಈ ಕಾರಣವನ್ನು ನೋಡಬೇಕು: ಪರಸ್ಪರರ ಅಗತ್ಯವನ್ನೇ ತೆಗೆದುಹಾಕಿದ ವ್ಯವಸ್ಥೆಯಲ್ಲಿ ಸಹಕಾರವನ್ನು ಬೇರೆ ಯಾವುದಾದರೂ ಕೊಂಡಿಯಿಂದ ಕಟ್ಟಬೇಕಾಗುತ್ತದೆ.

ಕೊಂಡಿ ಎಂಥದ್ದಿರಬಹುದು ಎಂಬುದಕ್ಕೆ ವಿಜಯಪುರದ ಇತಿಹಾಸವೇ ಒಂದು ನಿದರ್ಶನ ಕೊಡುತ್ತದೆ. ವಿಜಯನಗರದ ರಾಮರಾಯ ದಖ್ಖನಿನ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ದೀರ್ಘಕಾಲ ಮೇಲುಗೈ ಉಳಿಸಿಕೊಂಡಿದ್ದನು. ಬಿಜಾಪುರದ ಒಂದನೆಯ ಅಲಿ ಆದಿಲ್ ಶಾ ಸ್ವತಃ ಅವನ ನೆರವಿನಿಂದ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದನು. ಸುಲ್ತಾನರು ಒಂದಾದರೆ ಎಲ್ಲರಿಗೂ ಲಾಭವೆಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಯುದ್ಧದ ನಡುವೆ ಇನ್ನೊಬ್ಬ ಕೈಬಿಡುವುದಿಲ್ಲವೆಂಬ ಭರವಸೆ ಇರಲಿಲ್ಲ, ಸಾಲದ್ದಕ್ಕೆ ಸೊಲ್ಲಾಪುರದ ಕೋಟೆ ಬಿಜಾಪುರ–ಅಹ್ಮದ್‌ನಗರಗಳ ನಡುವಿನ ಹಳೆಯ ಜಗಳವಾಗಿತ್ತು. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾ ತನ್ನ ಮಗಳು ಚಾಂದ್ ಬೀಬಿಯನ್ನು ಅಲಿ ಆದಿಲ್ ಶಾನಿಗೆ ಕೊಟ್ಟು, ಅದೇ ಕೋಟೆಯನ್ನು ಬಳುವಳಿಯಾಗಿ ಬಿಟ್ಟುಕೊಟ್ಟನು. ಅಲಿಯ ತಂಗಿ ಹುಸೇನನ ಮಗನನ್ನು ವರಿಸಿದಳು. ಮಾತಿಗೆ ತಪ್ಪಿದರೆ ತನಗೇ ನಷ್ಟವಾಗುವಂತೆ ಮೊದಲೇ ತನ್ನ ಕೈ ಕಟ್ಟಿಕೊಳ್ಳುವುದು ಎದುರಿನವನ ನಂಬಿಕೆ ಗಳಿಸುವ ದಾರಿ ಎಂದು ಥಾಮಸ್ ಶೆಲ್ಲಿಂಗ್ 1960ರಲ್ಲಿ ವಿವರಿಸಿದ ತತ್ತ್ವಕ್ಕೆ ಈ ಎರಡು ಮದುವೆಗಳು ಮತ್ತು ಒಂದು ಕೋಟೆ ತಕ್ಕ ಉದಾಹರಣೆ. 1565ರ ಜನವರಿಯಲ್ಲಿ ತಾಳಿಕೋಟೆಯ ಯುದ್ಧದಲ್ಲಿ ಒಂದಾದ ಸುಲ್ತಾನರು ರಾಮರಾಯನನ್ನು ಸೋಲಿಸಿದರು. ಎಲ್ಲರಿಗೂ ಒಬ್ಬನೇ ಆಗಿದ್ದ ಎದುರಾಳಿ ಇಲ್ಲವಾದ ಮೇಲೆ ಒಕ್ಕೂಟವನ್ನು ಹಿಡಿದಿಟ್ಟಿದ್ದ ಪ್ರತಿಫಲವೇ ಇಲ್ಲವಾಗಿ, ಸುಲ್ತಾನರು ಮತ್ತೆ ತಮ್ಮತಮ್ಮಲ್ಲಿ ಕಾದಾಡತೊಡಗಿದರು.

ಇಂಥ ಭರವಸೆಯ ಪ್ರಶ್ನೆಯೇ ತಿಕೋಟಾದ ಗಡಿಗೆ ಅಂಟಿಕೊಂಡಿರುವ ಜತ್ತ ತಾಲ್ಲೂಕಿನ ವಿಷಯದಲ್ಲಿ ಇಂದಿಗೂ ಜೀವಂತವಾಗಿದೆ. ಸಾಂಗ್ಲಿ ಜಿಲ್ಲೆಯ ಈ ಪೂರ್ವಭಾಗದಲ್ಲಿ ಕನ್ನಡ ಮಾತಾಡುವ ಹಳ್ಳಿಗಳು ಅನೇಕ, ನೀರಿನ ಕೊರತೆ ತೀವ್ರ, ಮತ್ತು ತುಬಚಿ–ಬಬಲೇಶ್ವರ ಯೋಜನೆಯ ನೀರು ಅವುಗಳಿಗೆ ಹತ್ತಿರ. ಇತ್ತ ಕರ್ನಾಟಕದ ಕೃಷ್ಣಾ ತೀರಕ್ಕೆ ಏಪ್ರಿಲ್–ಮೇ ತಿಂಗಳಲ್ಲಿ ಕುಡಿಯುವ ನೀರಿಗಾಗಿ ಕೊಯ್ನಾ ಜಲಾಶಯದ ಕಡೆ ನೋಡಬೇಕಾಗುತ್ತದೆ. ಬೇಸಿಗೆಯಲ್ಲಿ ಮಹಾರಾಷ್ಟ್ರ ಕೊಯ್ನಾದಿಂದ ನೀರು ಬಿಡುವುದು, ಪ್ರತಿಯಾಗಿ ಕರ್ನಾಟಕ ಜತ್ತಕ್ಕೆ ನೀರೆತ್ತಿ ಕೊಡುವುದು ಎಂಬ ವಿನಿಮಯ ಎರಡೂ ಸರ್ಕಾರಗಳ ನಡುವೆ 2019ರ ಹೊತ್ತಿಗೆ ಚರ್ಚೆಗೆ ಬಂದಿತ್ತು. ಮಳೆಗಾಲದಲ್ಲಿ ಕರ್ನಾಟಕಕ್ಕೆ ಹೆಚ್ಚಾಗಿ ಹರಿದುಹೋಗುವ ನೀರು ಜತ್ತದಲ್ಲಿ ಬಂಗಾರ. ಕೊಯ್ನಾದಲ್ಲಿ ವಿದ್ಯುತ್ತಿಗಾಗಿ ಪಶ್ಚಿಮಕ್ಕೆ ತಿರುಗುವ ನೀರಿನ ಒಂದು ಸಣ್ಣ ಪಾಲು ಮೇ ತಿಂಗಳಲ್ಲಿ ಹಿಪ್ಪರಗಿ ಬ್ಯಾರೇಜಿಗೆ ಬಂದರೆ ಎಷ್ಟೋ ಊರುಗಳ ನಳಕ್ಕೆ ನೀರು ಬರುತ್ತದೆ. ಒಂದೇ ನೀರಿಗೆ ಎರಡು ಋತುಗಳಲ್ಲಿ, ಎರಡು ಊರುಗಳಲ್ಲಿ ಎರಡು ಬೆಲೆಯಿರುವುದರಿಂದ ಇದು ಶೂನ್ಯಮೊತ್ತದ ಆಟವಲ್ಲ.

ಆದರೆ ಕೊಡುವ ಮತ್ತು ಪಡೆಯುವ ತಿಂಗಳುಗಳು ಬೇರೆಯಾದ್ದರಿಂದ ಮೊದಲು ಕೊಟ್ಟವನು ಕಾಯುವವನಾಗುತ್ತಾನೆ, ಮತ್ತು ನಡುವೆ ಬರ, ಪ್ರವಾಹ, ಚುನಾವಣೆ ಏನು ಬಂದರೂ ಇನ್ನೊಬ್ಬನಿಗೆ ಮಾತು ತಪ್ಪಲು ಕಾರಣ ಸಿಗುತ್ತದೆ. ಆಲಮಟ್ಟಿಯ ಜಲಮಟ್ಟವನ್ನು 524.256 ಮೀಟರಿಗೆ ಏರಿಸುವ ವಿವಾದ ಇದರೊಳಗೆ ನುಸುಳಿದರೆ ಸಣ್ಣ ಆಟ ದೊಡ್ಡದರ ಒತ್ತೆಯಾಳಾಗುತ್ತದೆ. ದೊಡ್ಡ ವಿನಿಮಯವನ್ನು ಸಣ್ಣ ಕಂತುಗಳಾಗಿ ಒಡೆದು, ಒಂದು ಕಂತು ಮರಳಿ ಬಂದ ಮೇಲೆ ಮುಂದಿನದನ್ನು ಬಿಡುವಂತಾದರೆ ಮಾತು ತಪ್ಪುವವನಿಗೆ ಸಿಗುವುದು ಒಂದು ಕಂತಿನ ಲಾಭವಷ್ಟೇ, ಕಳೆದುಕೊಳ್ಳುವುದು ಮುಂದಿನ ಎಲ್ಲ ವರ್ಷಗಳ ನೀರು. ಅದಕ್ಕೆ ಬೇಕಾಗಿರುವುದು ನದಿ ಕರ್ನಾಟಕಕ್ಕೆ ಇಳಿಯುವ ಮುನ್ನ ರಾಜಾಪುರದ ಬ್ಯಾರೇಜಿನಲ್ಲಿ ಒಂದು ಅಳತೆ, ತಿಕೋಟಾದಾಚೆ ಜತ್ತದ ಗಡಿಯಲ್ಲಿ ಇನ್ನೊಂದು ಅಳತೆ, ಎರಡನ್ನೂ ಎರಡೂ ರಾಜ್ಯಗಳ ಎಂಜಿನಿಯರುಗಳು ಒಟ್ಟಿಗೆ ನಿಂತು ಬರೆದುಕೊಳ್ಳುವ ಏರ್ಪಾಡು.